ಗ್ರಾಮೋಫೋನಿಗೆ ಮನೆಯಲ್ಲೇ ಸೌಂಡ್‌ಬಾಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ರೆಕಾರ್ಡುಗಳನ್ನು ತೊಳೆದು ಜೋಪಾನ ಮಾಡುವ ಬಗೆಯನ್ನು ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ವಿವರಿಸಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಹೊರಳಿವೆ. ರೆಕಾರ್ಡುಗಳಿವೆ, ಕೀಲಿ ಕೊಡುವ ಗ್ರಾಮೋಫೋನೂ ಇದೆ, ಆದರೆ ಸೂಜಿಯ ಅಲುಗಾಟವನ್ನು ದನಿಯಾಗಿಸುವ ಪುಟ್ಟ ಪೆಟ್ಟಿಗೆಯಾದ ಸೌಂಡ್‌ಬಾಕ್ಸ್ ಕೆಟ್ಟು ದನಿ ನಿಂತಿದೆ ಎಂಬುದೇ ಎಲ್ಲರ ದೂರು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜ ಧಾರವಾಡ ಬಿಟ್ಟು ಪುಣೆಗೆ ಬರುವಾಗ ಜೊತೆಗೆ ತಂದಿದ್ದ, ಸೂಟ್‌ಕೇಸಿನಂತೆ ಮಡಚಿ ಒಯ್ಯಬಹುದಾದ ಗ್ರಾಮೋಫೋನ್ ನಮ್ಮ ಮನೆಯ ಅಟ್ಟದ ಮೇಲಿತ್ತು. ಮೋಟಾರಿಗೆ ಗ್ರೀಸು, ಎಣ್ಣೆ ಹಾಕಿದ ಮೇಲೆ ತಟ್ಟೆ ಸರಾಗವಾಗಿ ತಿರುಗುತ್ತಿದೆ. ಆದರೆ ಸೌಂಡ್‌ಬಾಕ್ಸಿನ ಹಿಂಬದಿಯ ಲೋಹ ಬಿರುಕು ಬಿಟ್ಟು, ಕೈ ಹಚ್ಚಿದರೆ ಬಿಸ್ಕತ್ತಿನಂತೆ ಉದುರುತ್ತಿದೆ. ಅದನ್ನು ಯಾರೂ ಕೆಳಗೆ ಬೀಳಿಸಿದ್ದು ನೆನಪಿಲ್ಲ. ನಾನು ನಿವೃತ್ತ ಡ್ರಾಫ್ಟ್ಸ್‌ಮನ್. ಡ್ರಿಲ್, ಅರ, ಬೆಸುಗೆ ಕೆಲಸ ಕೈಗೆ ರೂಢಿಯಿದೆ. ಹೊಸ ಸೌಂಡ್‌ಬಾಕ್ಸನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ಅದರೊಳಗೆ ಅದುರುವ ತೆಳು ಬಿಲ್ಲೆಯಾದ ಡಯಾಫ್ರಮ್ಮನ್ನು ಯಾವುದರಿಂದ ಮಾಡಿದರೆ ಒಳ್ಳೆಯದು?
(ಕೋಥ್ರೂಡ್, ಪುಣೆ)

ಉತ್ತರ: ಖಂಡಿತವಾಗಿ ಮಾಡಿಕೊಳ್ಳಬಹುದು. ಮೊದಲು ಬಿರುಕಿನ ವಿಚಾರ ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ಅದನ್ನು ತಮ್ಮ ಅಲಕ್ಷ್ಯದ ಫಲವೆಂದು ನೊಂದುಕೊಳ್ಳುತ್ತಾರೆ. 1920, 1930ರ ದಶಕಗಳಲ್ಲಿ ಇಂಥ ಸಣ್ಣ ಭಾಗಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಆ ಸತುವಿನಲ್ಲಿ ಸೀಸದ ಕಲಬೆರಕೆ ಅಲ್ಪಸ್ವಲ್ಪ ಉಳಿದಿದ್ದರೂ ಸಾಕು, ಹವೆಯ ತೇವ ತಾಗುತ್ತ ಹೋದಂತೆ ಲೋಹದ ಹರಳುಗಳ ನಡುವಿನ ಬೆಸುಗೆಯೇ ಸವೆದು, ಎರಕ ಉಬ್ಬಿ, ಒಳಗಿನಿಂದಲೇ ಒಡೆಯುತ್ತದೆ. ಇದಕ್ಕೆ ಯಾವ ಅಂಟೂ ನಿಲ್ಲುವುದಿಲ್ಲ. ಇವತ್ತು ಅಂಟಿಸಿದರೆ ನಾಳೆ ಅದರ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಆದರೂ ಆ ಹಳೆಯ ಸೌಂಡ್‌ಬಾಕ್ಸನ್ನು ಎಸೆಯಬೇಡಿ. ಸೂಜಿಯ ಕೋನ, ಹಿಂಬದಿಯ ಕೊಳವೆಯಂಥ ಕತ್ತಿನ ಅಳತೆ, ಸೂಜಿ ಹಿಡಿಯುವ ಕಡ್ಡಿಯ ಉದ್ದ ಎಲ್ಲವನ್ನೂ ಅದರಿಂದಲೇ ತೆಗೆದುಕೊಳ್ಳಬೇಕು. ನೀವು ಡ್ರಾಫ್ಟ್ಸ್‌ಮನ್ ಆಗಿದ್ದವರು, ಅದು ಪೂರ್ತಿ ಉದುರುವ ಮೊದಲೇ ಒಂದು ನಕ್ಷೆ ಬರೆದಿಟ್ಟುಕೊಳ್ಳಿರಿ.

ನಿಮ್ಮ ಎರಡನೆಯ ಪ್ರಶ್ನೆ ಡಯಾಫ್ರಮ್ಮಿನದು. ನನಗೆ ಬರೆದವರೆಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನ ಅನುಭವದಲ್ಲಿ ಡಯಾಫ್ರಮ್ ಯಾವುದರದ್ದು ಎಂಬುದಕ್ಕಿಂತ ಅದನ್ನು ಹೇಗೆ ಹಿಡಿದಿಟ್ಟಿದ್ದೀರಿ ಎಂಬುದೇ ಹೆಚ್ಚು ಮುಖ್ಯ. ಈ ಯಂತ್ರದಲ್ಲಿ ವಿದ್ಯುತ್ತಿಲ್ಲ, ದನಿಯನ್ನು ಹಿಗ್ಗಿಸುವ ಯಾವ ಸರ್ಕ್ಯೂಟೂ ಇಲ್ಲ. ರೆಕಾರ್ಡಿನ ಗೆರೆ ಎಡಬಲಕ್ಕೆ ತೊನೆಯುತ್ತ ಸಾಗುತ್ತದೆ, ಸೂಜಿ ಅದರೊಡನೆ ತೊನೆಯುತ್ತದೆ, ಸೂಜಿ ಹಿಡಿದ ಕಡ್ಡಿ ಒಂದು ಕೀಲಿನ ಮೇಲೆ ಸನ್ನೆಗೋಲಿನಂತೆ ಆಡಿ ಡಯಾಫ್ರಮ್ಮಿನ ನಡುಭಾಗವನ್ನು ಒಳಕ್ಕೂ ಹೊರಕ್ಕೂ ತಳ್ಳುತ್ತದೆ. ಅದರ ಹಿಂದಿರುವ ತೆಳ್ಳನೆಯ ಗಾಳಿಯ ಪದರ ಒತ್ತಿಕೊಂಡು, ಸಡಿಲಗೊಂಡು, ಆ ಒತ್ತಡದ ಏರಿಳಿತವೇ ಕತ್ತಿನ ಮೂಲಕ ಟೋನ್ ಆರ್ಮ್ ಎಂಬ ಟೊಳ್ಳು ತೋಳಿಗೂ ಅಲ್ಲಿಂದ ಹಾರ್ನಿಗೂ ಹೋಗಿ ಹಾಡಾಗುತ್ತದೆ. ಇಷ್ಟು ದೂರದ ದಾರಿಯಲ್ಲಿ ಎಲ್ಲಿಯಾದರೂ ಗಾಳಿ ಸೋರಿದರೆ ಮಂದ್ರದ ಸ್ವರಗಳು ಹೋಗುತ್ತವೆ, ಕೀಲು ಕುಲುಕಿದರೆ ಗರಗರ ಸದ್ದು ಬರುತ್ತದೆ, ರಬ್ಬರು ಗಟ್ಟಿಯಾದರೆ ಡಯಾಫ್ರಮ್ ಆಡುವುದೇ ಇಲ್ಲ. ಈ ಮೂರನ್ನು ಸರಿಪಡಿಸಿಕೊಂಡವರಿಗೆ ಸಾಧಾರಣ ಡಯಾಫ್ರಮ್ಮೂ ಚೆನ್ನಾಗಿ ಹಾಡುತ್ತದೆ.

ಪೆಟ್ಟಿಗೆಗೆ ನಾನು ಬಳಸಿದ್ದು 50 ಮಿ.ಮೀ. ಪಿವಿಸಿ ಪೈಪಿನ ಬಾಯಿ ಮುಚ್ಚುವ ಎಂಡ್ ಕ್ಯಾಪ್. ಈ ಅಳತೆ ಪೈಪಿನ ಹೊರವ್ಯಾಸದ್ದಾದ್ದರಿಂದ ಅದೇ ಪೈಪಿನಿಂದ ಕತ್ತರಿಸಿದ ಬಳೆಯೊಂದು ಕ್ಯಾಪಿನೊಳಗೆ ಒಪ್ಪವಾಗಿ ಕೂರುತ್ತದೆ, ಅದೇ ಡಯಾಫ್ರಮ್ಮನ್ನು ಹಿಡಿಯುವ ಉಂಗುರವಾಗುತ್ತದೆ. ಕ್ಯಾಪನ್ನು ಸುಮಾರು 15 ಮಿ.ಮೀ. ಆಳ ಉಳಿಯುವಂತೆ ಕತ್ತರಿಸಿ, ಅಂಚನ್ನು ಗಾಜಿನ ಮೇಲೆ ಹಾಸಿದ ಉಪ್ಪುಕಾಗದದ ಮೇಲೆ ಉಜ್ಜಿ ಸಮ ಮಾಡಿರಿ. ಕ್ಯಾಪಿನ ತಳ ಸ್ವಲ್ಪ ಗುಂಡಗೆ ಇರುತ್ತದೆ. ಒಳಗಿನಿಂದ ಎಂ-ಸೀಲ್ ತುಂಬಿ, ಅದು ಗಟ್ಟಿಯಾಗುವ ಮೊದಲು ಒದ್ದೆ ಬೆರಳಿನಿಂದ ಮಟ್ಟ ಮಾಡಬೇಕು. ಅದರ ಮೇಲೆ 2 ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆಯ 38 ಮಿ.ಮೀ. ಬಿಲ್ಲೆಯನ್ನು ಅಂಟಿಸಿರಿ. ಇದನ್ನು ಹೇಳಲು ಕಾರಣವಿದೆ. ಡಯಾಫ್ರಮ್ಮಿಗೂ ಹಿಂಬದಿಯ ತಗಡಿಗೂ ನಡುವೆ ಒಂದು, ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಅಲ್ಲಿನ ಗಾಳಿ ಮೆತ್ತೆಯಂತೆ ವರ್ತಿಸಿ ತಾರದ ಸ್ವರಗಳನ್ನು ನುಂಗಿಬಿಡುತ್ತದೆ. ರಬ್ಬರಿನ ಬಳೆಯೇ ಮೂರುವರೆ ಮಿಲಿಮೀಟರ್ ಎತ್ತರ ಇರುವುದರಿಂದ, ಬಿಲ್ಲೆ ಹಾಕದಿದ್ದರೆ ಅಂತರ ಬೇಡವೆಂದರೂ ಹೆಚ್ಚಾಗುತ್ತದೆ. ಬಿಲ್ಲೆ ಅಂಟಿದ ಮೇಲೆ ನಡುವೆ ಟೋನ್ ಆರ್ಮಿನ ಒಳವ್ಯಾಸಕ್ಕೆ ಸರಿಯಾಗಿ ತೂತು ಕೊರೆಯಿರಿ.

ಇನ್ನು ರಬ್ಬರು. ಹಳೆಯ ಸೌಂಡ್‌ಬಾಕ್ಸುಗಳಲ್ಲಿ ಡಯಾಫ್ರಮ್ಮಿನ ಮುಂದೊಂದು, ಹಿಂದೊಂದು ಟೊಳ್ಳು ರಬ್ಬರಿನ ಬಳೆ ಇರುತ್ತಿತ್ತು. ಈಗ ಅದಕ್ಕೆ ಸೈಕಲ್ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ನಳಿಕೆ ಸಾಕು. ಯಾವುದೇ ಸೈಕಲ್ ಅಂಗಡಿಯಲ್ಲಿ ಮೊಳಗಟ್ಟಲೆ ಕೊಡುತ್ತಾರೆ. ಬೆರಳುಗಳ ನಡುವೆ ಹಿಸುಕಿದರೆ ಕೂಡಲೇ ಚಪ್ಪಟೆಯಾಗಿ, ಬಿಟ್ಟ ಕೂಡಲೇ ದುಂಡಗಾಗುವಂಥದ್ದನ್ನೇ ಆರಿಸಿರಿ. ಕ್ಯಾಪಿನೊಳಗೆ ಸುತ್ತ ಇಟ್ಟು, ಎರಡು ತುದಿಗಳು ಒಂದನ್ನೊಂದು ಮುಟ್ಟುವಷ್ಟು ಉದ್ದಕ್ಕೆ ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಬೇಕು. ತುದಿಗಳ ನಡುವೆ ಸಂದು ಬಿಟ್ಟರೆ ಗಾಳಿ ಸೋರುತ್ತದೆ, ಉದ್ದ ಹೆಚ್ಚಾದರೆ ಅಲ್ಲೊಂದು ಗುಬುಟು ಎದ್ದು ಡಯಾಫ್ರಮ್ಮನ್ನು ಒಂದು ಕಡೆ ಎತ್ತುತ್ತದೆ.

ಉಂಗುರವನ್ನು ಒತ್ತುವಾಗ ತಾಳ್ಮೆ ಬೇಕು. ನಾನು ಮೊದಲು ಮಾಡಿದ ಸೌಂಡ್‌ಬಾಕ್ಸಿನಲ್ಲಿ, ಬಿಗಿಯಾದಷ್ಟೂ ಸೋರಿಕೆ ಕಡಿಮೆಯೆಂದು ಭಾವಿಸಿ ಉಂಗುರವನ್ನು ಬಲವಾಗಿ ಅದುಮಿ ಸ್ಕ್ರೂ ಬಿಗಿದಿದ್ದೆ. ದನಿಯೇನೋ ಬಂತು, ಆದರೆ ಗೋಡೆಯಾಚೆ ಯಾರೋ ಹಾಡುತ್ತಿರುವಂತೆ ಕೇಳಿಸಿತು. ಮೂರು ದಿನ ಡಯಾಫ್ರಮ್ಮನ್ನೇ ದೂರಿ ಎರಡು ಹೊಸ ಡಯಾಫ್ರಮ್ ಕತ್ತರಿಸಿದೆ. ಕೊನೆಗೆ ಉಂಗುರವನ್ನು ಕೂದಲೆಳೆಯಷ್ಟು ಮೇಲೆತ್ತಿದಾಗ, ಅದೇ ರೆಕಾರ್ಡು, ಅದೇ ಸೂಜಿ, ತಬಲದ ಎಡದ ಗುಮ್ಮೆನ್ನುವ ದನಿಯೂ ಕಿವಿಗೆ ಬಿತ್ತು. ಅಂದಿನಿಂದ ನನ್ನ ಕ್ರಮವೆಂದರೆ, ಉಂಗುರವನ್ನು ಬೆರಳ ತುದಿಯಿಂದ ಇಳಿಸುತ್ತ ಹೋಗುವುದು, ಎರಡೂ ರಬ್ಬರು ಡಯಾಫ್ರಮ್ಮನ್ನು ಸುತ್ತಲೂ ಮುಟ್ಟಿದವು ಎನ್ನಿಸಿದಲ್ಲಿ ನಿಲ್ಲಿಸಿ, ಕ್ಯಾಪಿನ ಗೋಡೆಯ ಮೂರು ಕಡೆಯಿಂದ ಪುಟ್ಟ ಸ್ಕ್ರೂ ಕೊಟ್ಟು ಅಲ್ಲೇ ಉಳಿಸುವುದು.

ಡಯಾಫ್ರಮ್ಮಿಗೆ ಅಭ್ರಕ ಬೇಕೆಂದರೆ ಇಸ್ತ್ರಿ ಪೆಟ್ಟಿಗೆ ದುರಸ್ತಿ ಮಾಡುವವರ ಬಳಿ ಹಾಳೆಗಳು ದೊರೆಯುತ್ತವೆ. ಝಾರ್ಖಂಡದ ಕೊಡರ್ಮಾ, ಆಂಧ್ರದ ನೆಲ್ಲೂರು ಕಡೆಯ ಅಭ್ರಕ ಒಂದು ಕಾಲಕ್ಕೆ ಲೋಕವೆಲ್ಲ ಹರಡಿತ್ತು. ರೆಕಾರ್ಡಿಗೆ ಬೇಕಾದ ಅರಗೂ ಮುಖ್ಯವಾಗಿ ನಮ್ಮ ದೇಶದ್ದೇ. ಪದರ ಪದರವಾಗಿರುವ ಆ ಹಾಳೆಯ ಅಂಚಿಗೆ ಹೊಲಿಗೆ ಸೂಜಿಯ ಮೊನೆ ತೂರಿಸಿ, ಒಂದು ಹನಿ ನೀರು ಬಿಟ್ಟು ಮೆಲ್ಲಗೆ ಸರಿಸಿದರೆ ಪದರ ತಾನೇ ಬಿಡಿಸಿಕೊಳ್ಳುತ್ತದೆ. ಸುಮಾರು 0.2 ಮಿ.ಮೀ. ದಪ್ಪ ಉಳಿಯಬೇಕು. ಬೆಳಕಿಗೆ ಹಿಡಿದಾಗ ಬೆಳ್ಳಿಯ ಮಚ್ಚೆಯಂತೆ ಹೊಳೆಯುವ ಕಡೆಗಳಿದ್ದರೆ ಅಲ್ಲಿ ಪದರ ಬಿಟ್ಟಿದೆ ಎಂದರ್ಥ, ಅಂಥ ತುಂಡು ಬೇಡ. 48 ಮಿ.ಮೀ. ವೃತ್ತವನ್ನು ಹರಿತವಾದ ಕತ್ತರಿಯಿಂದ, ಕತ್ತರಿಯನ್ನಲ್ಲ, ಹಾಳೆಯನ್ನು ತಿರುಗಿಸುತ್ತ ಕತ್ತರಿಸಿರಿ. ಅದು ಕ್ಯಾಪಿನ ಗೋಡೆಗೆ ಎಲ್ಲಿಯೂ ತಾಗಕೂಡದು.

ಎಲ್ಲಕ್ಕಿಂತ ಹೆಚ್ಚು ಜಾಣ್ಮೆ ಬೇಡುವುದು ಕೀಲು. ಕಾರ್ಖಾನೆಯ ಸೌಂಡ್‌ಬಾಕ್ಸುಗಳಲ್ಲಿ ಚೂರಿಯಂಚಿನ ಮೇಲೆ ಸ್ಪ್ರಿಂಗಿನಿಂದ ಹಿಡಿದ ಕೀಲಿರುತ್ತಿತ್ತು, ಮುಂದೆ ಪುಟ್ಟ ಉಕ್ಕಿನ ಗುಂಡುಗಳೂ ಬಂದವು. ಮನೆಯಲ್ಲಿ ಅಂಥದ್ದನ್ನು ಮಾಡಲು ಹೋದರೆ ಒಂದೋ ಬಿಗಿ, ಇಲ್ಲವೇ ಕುಲುಕಾಟ. ನಾನು ಹಿಡಿದ ದಾರಿ ಬೇರೆ. ನಿಮ್ಮ ಪುಣೆಯ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ, ಮೋಟಾರ್ ಮೆಕ್ಯಾನಿಕರು ಎಂಜಿನಿನ ಸಂದುಗಳನ್ನು ಅಳೆಯಲು ಬಳಸುವ, ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ಸಿಗುತ್ತದೆ. ಅದರ 0.10 ಮಿ.ಮೀ. ಎಲೆಯಿಂದ 30 ಮಿ.ಮೀ. ಉದ್ದ, 8 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಅದರ ಎರಡು ತುದಿಗಳನ್ನು ಕ್ಯಾಪಿನ ಅಂಚಿನ ಮೇಲೆ ಕೂರಿಸಿದ ಎರಡು ಹಿತ್ತಾಳೆ ತುಂಡುಗಳಿಗೆ ಸ್ಕ್ರೂಗಳಿಂದ ಬಿಗಿದರೆ, ನಡುವೆ ಸುಮಾರು 12 ಮಿ.ಮೀ. ಬಿಡುವು ಉಳಿಯುತ್ತದೆ. ಕಡ್ಡಿಯನ್ನು ಆ ಬಿಡುವಿನ ಸರಿಯಾದ ನಡುವಿಗೆ ಬೆಸುಗೆ ಹಾಕಬೇಕು. ಪಟ್ಟಿಯ ಅಗಲ ಕಡ್ಡಿಯ ಉದ್ದದ ದಿಕ್ಕಿಗೇ ಇರಲಿ. ಆಗ ಸೂಜಿಯ ಭಾರಕ್ಕೆ ಪಟ್ಟಿ ಬಗ್ಗದು, ಆದರೆ ತಿರುಚಿಕೊಂಡು ಸೂಜಿಗೆ ಎಡಬಲಕ್ಕೆ ಆಡಲು ಬಿಡುತ್ತದೆ. ಉಜ್ಜಿಕೊಳ್ಳುವ ಮೈ ಇಲ್ಲದ್ದರಿಂದ ಎಣ್ಣೆ ಬೇಡ, ಸವೆತವಿಲ್ಲ, ಕುಲುಕಾಟವಂತೂ ಇಲ್ಲವೇ ಇಲ್ಲ. ಬೆಸುಗೆಯನ್ನು ಬೇಗ ಮುಗಿಸಿರಿ. ಉಕ್ಕನ್ನು ಅತಿಯಾಗಿ ಕಾಯಿಸಿದರೆ ಅದರ ಪುಟಿಯುವ ಗುಣ ಹೋಗುತ್ತದೆ.

ಕಡ್ಡಿಗೆ ಗ್ಯಾಸ್ ಬೆಸುಗೆಯವರು ಬಳಸುವ 2 ಮಿ.ಮೀ. ಹಿತ್ತಾಳೆ ಕಡ್ಡಿ ಒಳ್ಳೆಯದು. ಮೇಲಿನ ತುದಿಯತ್ತ ಹೋದಂತೆ ಅರದಿಂದ ಸಣ್ಣಗೆ ಮಾಡಿ ಭಾರ ಇಳಿಸಿರಿ, ತುದಿಯನ್ನು ಬಡಿದು ಚಪ್ಪಟೆ ಮಾಡಿ ಡಯಾಫ್ರಮ್ಮಿನ ಕಡೆಗೆ ಬಗ್ಗಿಸಿರಿ. ಕೆಳತುದಿಗೆ ಸೂಜಿ ಹಿಡಿಯುವ ಹಿಡಿಕೆ ಬೇಕಲ್ಲ, ಅದಕ್ಕೆ ವಿದ್ಯುತ್ ಕೆಲಸದವರ ಕನೆಕ್ಟರ್ ಪಟ್ಟಿಯ ಒಂದು ಮನೆಯನ್ನು ಒಡೆದರೆ ಒಳಗೆ ಎರಡು ಸ್ಕ್ರೂಗಳಿರುವ ಹಿತ್ತಾಳೆ ಕೊಳವೆ ದೊರೆಯುತ್ತದೆ. ಒಂದು ಸ್ಕ್ರೂ ಕಡ್ಡಿಯನ್ನು ಹಿಡಿದರೆ ಇನ್ನೊಂದು ಸೂಜಿಯನ್ನು ಹಿಡಿಯುತ್ತದೆ. ಇಷ್ಟು ಅಗ್ಗದ ವಸ್ತು ಇಷ್ಟು ಸರಿಯಾಗಿ ಒದಗುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಕೀಲಿನಿಂದ ಸೂಜಿಯ ಮೊನೆಗೆ ಎಷ್ಟು ದೂರವೋ ಕೀಲಿನಿಂದ ಡಯಾಫ್ರಮ್ಮಿನ ನಡುವಿಗೂ ಮೊದಲಿಗೆ ಅಷ್ಟೇ ಇರಲಿ. ಮೇಲಿನ ತೋಳು ಉದ್ದವಾದರೆ ದನಿ ಹೆಚ್ಚುತ್ತದೆ, ಆದರೆ ಸೂಜಿಯ ಮೇಲೆ ಬೀಳುವ ಎದುರೊತ್ತಡವೂ ಹೆಚ್ಚಿ ರೆಕಾರ್ಡಿನ ಗೆರೆ ಸವೆಯುತ್ತದೆ.

ಡಯಾಫ್ರಮ್ಮಿನ ನಡುವೆ ಸಣ್ಣ ತೂತು ಕೊರೆದು ಕನ್ನಡಕದ ಸ್ಕ್ರೂ ಒಂದರಿಂದ ಕಡ್ಡಿಯ ತುದಿಗೆ ಸೇರಿಸಿರಿ. ಸೇರಿಸುವಾಗ ಕಡ್ಡಿ ಡಯಾಫ್ರಮ್ಮನ್ನು ಎಳೆಯಲೂ ಬಾರದು, ತಳ್ಳಲೂ ಬಾರದು. ಸುಮ್ಮನೆ ಮುಟ್ಟಿ ನಿಂತಿರಬೇಕು, ಇಲ್ಲದಿದ್ದರೆ ಕಡ್ಡಿಯನ್ನು ಬಗ್ಗಿಸಿ ಸರಿಪಡಿಸಿಕೊಳ್ಳಿರಿ. ಆಮೇಲೆ ಜೇನುಮೇಣ. ಒಂದು ಮೊಳೆಯನ್ನು ಒಲೆಯ ಮೇಲೆ ಕಾಯಿಸಿ, ಮೇಣದ ಗುಳಿಗೆಗೆ ಮುಟ್ಟಿಸಿ, ಸ್ಕ್ರೂವಿನ ತಲೆಯ ಮೇಲೆ ಹಿಡಿದರೆ ಹನಿ ಮೊದಲು ಮಂಜಾಗಿ ಕೂತು, ಮರುಕ್ಷಣ ತಿಳಿಯಾಗಿ ಸ್ಕ್ರೂವಿನ ಸುತ್ತ ಹರಿದು, ತಣಿಯುತ್ತಲೇ ಮತ್ತೆ ಮಂಜಾಗುತ್ತದೆ. ಹಾಗೆ ಹರಿದದ್ದು ಕಣ್ಣಿಗೆ ಕಂಡರೆ ಮಾತ್ರ ತೂತು ಮುಚ್ಚಿತೆಂದು ತಿಳಿಯಿರಿ. ಇದನ್ನು ಡಯಾಫ್ರಮ್ಮಿನ ಎರಡೂ ಕಡೆ ಮಾಡಬೇಕಾದ್ದರಿಂದ, ಹಿಂಬದಿಯದನ್ನು ಪೆಟ್ಟಿಗೆಯೊಳಗೆ ಕೂರಿಸುವ ಮೊದಲೇ ಮುಗಿಸಿರಿ.

ಕೊನೆಯದು ತೂಕ. ಪಿವಿಸಿ ಹಗುರ. ಪೆಟ್ಟಿಗೆಯೇ ಹಗುರವಾದರೆ ಸೂಜಿ ಡಯಾಫ್ರಮ್ಮನ್ನು ಆಡಿಸುವ ಬದಲು ಇಡೀ ಪೆಟ್ಟಿಗೆಯನ್ನೇ ಆಡಿಸುತ್ತದೆ, ಮಂದ್ರ ಸ್ವರಗಳು ಸೊರಗುತ್ತವೆ, ಜೋರಾದ ತಾನ್ ಬಂದಲ್ಲಿ ಸೂಜಿ ಗೆರೆಯಿಂದ ಹಾರುತ್ತದೆ. ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ, ಬೆಳಗಿನಿಂದಲೇ ತಾಮ್ರದ ಹಂಡೆಗಳ ಮೇಲೆ ಸುತ್ತಿಗೆಯ ಏಟು ಒಂದೇ ಲಯದಲ್ಲಿ ಬೀಳುವ ಆ ಓಣಿಯಲ್ಲಿ, ನಾನು ಒಬ್ಬರಿಂದ ದಪ್ಪ ಹಿತ್ತಾಳೆಯ ಬಳೆ ಮಾಡಿಸಿಕೊಂಡು ಕ್ಯಾಪಿನ ಹೊರಗೆ ಸುತ್ತ ಕೂರಿಸಿದೆ. ಅಡಿಗೆಮನೆಯ ಡಿಜಿಟಲ್ ತಕ್ಕಡಿಯನ್ನು ರೆಕಾರ್ಡಿನ ಎತ್ತರಕ್ಕೆ ಇಟ್ಟು ಸೂಜಿಯನ್ನು ಅದರ ಮೇಲೆ ಇಳಿಸಿದಾಗ 100ರಿಂದ 150 ಗ್ರಾಂ ತೋರಿಸಿದರೆ ಸರಿ. ಅದಕ್ಕಿಂತ ಹೆಚ್ಚು ಬೇಡ. ಪೆಟ್ಟಿಗೆಯನ್ನು ಟೋನ್ ಆರ್ಮಿಗೆ ಸೇರಿಸುವ ಕತ್ತಿಗೆ ಮೆತ್ತನೆಯ ದಪ್ಪ ರಬ್ಬರ್ ನಳಿಕೆಯ ತುಂಡೇ ಬೇಕು. ಅದು ಗಾಳಿಯನ್ನೂ ತಡೆಯುತ್ತದೆ, ಪೆಟ್ಟಿಗೆಯ ಅದುರು ಟೋನ್ ಆರ್ಮಿಗೆ ಹೋಗದಂತೆಯೂ ನೋಡಿಕೊಳ್ಳುತ್ತದೆ. ಸೂಜಿ ರೆಕಾರ್ಡಿನ ಮೇಲೆ ಸುಮಾರು 60 ಡಿಗ್ರಿ ಓರೆಯಾಗಿ ನಿಲ್ಲಲಿ.

ರೆಕಾರ್ಡು ಹಾಕುವ ಮೊದಲು ಎರಡು ಪರೀಕ್ಷೆ ಮಾಡಿರಿ. ಕತ್ತಿಗೆ ತುಟಿ ಹಚ್ಚಿ ಬಹಳ ಮೆಲ್ಲಗೆ ಗಾಳಿ ಎಳೆದರೆ ಡಯಾಫ್ರಮ್ ಒಳಕ್ಕೆ ಬಂದು ಹಾಗೆಯೇ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಅನಂತರ ಪೆಟ್ಟಿಗೆಯನ್ನು ಗ್ರಾಮೋಫೋನಿಗೆ ಹಾಕಿ ಸೂಜಿಯ ಮೊನೆಯನ್ನು ಬೆರಳಿನಿಂದ ಸವರಿದರೆ ಹಾರ್ನಿನಿಂದ ಚೊಕ್ಕವಾದ ಟಕ್ ಎಂಬ ದನಿ ಬರಬೇಕು. ಮೊದಲ ವಾರ ಗೀರು ಬಿದ್ದ, ಎರಡನೆಯ ಪ್ರತಿ ಇರುವ ರೆಕಾರ್ಡುಗಳನ್ನಷ್ಟೇ ಹಾಕಿರಿ. ಅಜ್ಜನ ಸಂಗ್ರಹದಲ್ಲಿ ಸವಾಯಿ ಗಂಧರ್ವರದೋ ಮಲ್ಲಿಕಾರ್ಜುನ ಮನಸೂರರದೋ ರೆಕಾರ್ಡು ಇದ್ದರೆ ಅದು ಕಾಯಲಿ. ಗದಗಿನಲ್ಲಿ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರ ಗ್ರಾಮೋಫೋನಿನಲ್ಲಿ ಅಬ್ದುಲ್ ಕರೀಂ ಖಾನರ ದನಿ ಕೇಳಿಯೇ ಗುರುವನ್ನು ಹುಡುಕಿ ಮನೆ ಬಿಟ್ಟರೆಂದು ಪ್ರಸಿದ್ಧವಾಗಿದೆಯಲ್ಲ, ಖಾನ್‌ಸಾಹೇಬರ ನೀಳವಾದ, ನಡುಗದ ಆ ಷಡ್ಜವೇ ಸೌಂಡ್‌ಬಾಕ್ಸಿಗೆ ಅತ್ಯಂತ ಕಠಿಣ ಪರೀಕ್ಷೆ. ಕೀಲಿನಲ್ಲಿ ಎಳ್ಳಷ್ಟು ದೋಷವಿದ್ದರೂ ಅಲ್ಲಿ ಬಯಲಾಗುತ್ತದೆ.

ಪ್ರಶ್ನೆ: ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ತಗಡಿನಿಂದ ಡಯಾಫ್ರಮ್ ಮಾಡಿ ಸೌಂಡ್‌ಬಾಕ್ಸ್ ಕಟ್ಟಿದ್ದೇನೆ. ದನಿ ಜೋರಾಗಿದೆ. ಆದರೆ ಗಂಗೂಬಾಯಿ ಹಾನಗಲ್ಲರ ಆರಂಭದ ದಿನಗಳ ರೆಕಾರ್ಡು ಹಾಕಿದರೆ ಏರು ಸ್ವರಗಳಲ್ಲಿ ತಗಡು ಬಡಿದಂತೆ ಝರ್ ಎನ್ನುತ್ತದೆ. ಗಂಡಸರ ದನಿಗೆ ಅಷ್ಟು ತೊಂದರೆಯಿಲ್ಲ. ಕಾರಣವೇನು?
(ಡೊಂಬಿವಲಿ)

ಉತ್ತರ: ಆ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಡಯಾಫ್ರಮ್ಮಿಗೆ ಒದಗುವಂಥದ್ದೇ. ನೀವು ಅದನ್ನು ಚಪ್ಪಟೆಯಾಗಿ ಕತ್ತರಿಸಿ ಹಾಗೆಯೇ ಕೂರಿಸಿರುವಂತೆ ತೋರುತ್ತದೆ. ಅಭ್ರಕ ಚಪ್ಪಟೆಯಾಗಿದ್ದರೂ ಬಿರುಸಾದ್ದರಿಂದ ಮೈಯೆಲ್ಲ ಒಟ್ಟಾಗಿ ಆಡುತ್ತದೆ. ತೆಳುವಾದ ಅಲ್ಯೂಮಿನಿಯಂ ಹಾಗಲ್ಲ. ನಡು ಒಂದು ಕಡೆ ಹೋದರೆ ಅಂಚಿನ ಹತ್ತಿರದ ಭಾಗ ಇನ್ನೊಂದು ಕಡೆ ಬಳುಕುತ್ತದೆ, ಯಾವುದೋ ಒಂದು ಸ್ವರಕ್ಕೆ ಆ ಬಳುಕು ಒಮ್ಮೆಲೇ ಹೆಚ್ಚುತ್ತದೆ. 1930ರ ದಶಕದ ರೆಕಾರ್ಡುಗಳಲ್ಲಿ ಗಂಗೂಬಾಯಿಯವರ ದನಿ, ನಾವು ಮುಂದೆ ಕೇಳಿ ಬಲ್ಲ ಆ ಗಂಭೀರ ದನಿಯಂತಿರದೆ, ತೆಳುವಾಗಿ ಏರಿನಲ್ಲಿ ಸಾಗುತ್ತದೆ. ಅದು ನಿಮ್ಮ ಡಯಾಫ್ರಮ್ಮಿನ ಆ ದುರ್ಬಲ ಜಾಗವನ್ನೇ ಮುಟ್ಟುತ್ತಿರಬೇಕು.

ಕಾರ್ಖಾನೆಯವರು ಲೋಹದ ಡಯಾಫ್ರಮ್ಮಿನ ನಡುಭಾಗವನ್ನು ಗುಮ್ಮಟದಂತೆ ಉಬ್ಬಿಸಿ, ಅಂಚಿನಲ್ಲಿ ಸುತ್ತಲೂ ಅಲೆಗಳಂತೆ ಮಡಿಕೆ ಹಾಕುತ್ತಿದ್ದುದು ಇದಕ್ಕೇ. ನಡು ಗಟ್ಟಿಯಾಗಿ ಒಂದೇ ತುಂಡಿನಂತೆ ಆಡಬೇಕು, ಅಂಚು ಮಾತ್ರ ಮಣಿಯಬೇಕು. ನೀವೂ ಹಾಗೆ ಮಾಡಬಹುದು. ತಗಡನ್ನು ಮೆತ್ತನೆಯ ರಬ್ಬರ್ ಹಾಳೆಯ ಮೇಲಿಟ್ಟು, ಮರದ ಸೌಟಿನ ಗುಂಡು ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಸುತ್ತುತ್ತ, ಬಲ ಹಾಕದೆ ಹತ್ತಾರು ಸಲ ಉಜ್ಜಿರಿ. ಒಂದೂವರೆ ಮಿಲಿಮೀಟರಿನಷ್ಟು ಉಬ್ಬಿದರೆ ಸಾಕು. ಡಬ್ಬಿಯ ಬಣ್ಣವನ್ನೂ ಒಳಗಿನ ಲೇಪವನ್ನೂ ಮೊದಲು ತೆಗೆಯಲೇಬೇಕಾದ ಅಗತ್ಯವಿಲ್ಲ. ತಗಡಿನಲ್ಲಿ ಒಂದೇ ಒಂದು ಸುಕ್ಕು ಬಿದ್ದರೂ ಅದನ್ನು ಬಿಟ್ಟು ಹೊಸದನ್ನು ಕತ್ತರಿಸಿರಿ, ಸುಕ್ಕು ಅಲ್ಲೇ ಚಿಟಿಚಿಟಿ ಎನ್ನುತ್ತದೆ.

ಇದಕ್ಕೂ ಮೊದಲು ಸೂಜಿಯ ಸ್ಕ್ರೂ ಬಿಗಿಯಾಗಿದೆಯೇ, ಡಯಾಫ್ರಮ್ಮಿನ ನಡುವಿನ ಮೇಣ ಬಿರುಕು ಬಿಟ್ಟಿದೆಯೇ, ಸೂಜಿ ಹೊಸದೇ ಎಂದು ನೋಡಿರಿ. ಉಕ್ಕಿನ ಸೂಜಿಯನ್ನು ರೆಕಾರ್ಡಿನ ಪ್ರತಿ ಬದಿಗೂ ಬದಲಿಸಬೇಕೆಂಬುದನ್ನು ಹಲವರು ಜಿಪುಣತನದಿಂದಲ್ಲ, ತಿಳಿಯದೆ ಬಿಡುತ್ತಾರೆ. ಅರಗಿನ ರೆಕಾರ್ಡಿನಲ್ಲಿ ಕಲ್ಲಿನ ನುಣ್ಣನೆಯ ಪುಡಿ ಬೆರೆತಿರುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಸೂಜಿಯ ಮೊನೆ ಸವೆದು ಗೆರೆಯ ಆಕಾರಕ್ಕೆ ಹೊಂದಿಕೊಳ್ಳಲೆಂದೇ ಅದು. 10 ಅಂಗುಲದ ರೆಕಾರ್ಡಿನ ಮೂರು ನಿಮಿಷ ಮುಗಿಯುವಷ್ಟರಲ್ಲಿ ಮೊನೆಯ ಅಂಚು ಉಳಿಯಂತೆ ಹರಿತವಾಗಿರುತ್ತದೆ, ಅದನ್ನೇ ಇನ್ನೊಂದು ಬದಿಗೆ ಹಾಕಿದರೆ ಗೆರೆಯನ್ನು ಕೆತ್ತಿಹಾಕುತ್ತದೆ. ಝರ್ ಎನ್ನುವ ಸದ್ದು ಇರುವವರೆಗೆ ಗಂಗೂಬಾಯಿಯವರ ರೆಕಾರ್ಡನ್ನು ಮತ್ತೆ ಹಾಕಬೇಡಿರಿ. ಝರ್ ಎನ್ನುವಾಗ ಸೂಜಿ ಗೆರೆಯ ಗೋಡೆಗೆ ಬಡಿಯುತ್ತಿರಲೂಬಹುದು. ಹಾಗೆ ಹೋದ ಸ್ವರ ಮರಳಿ ಬಾರದು.

ಪ್ರಶ್ನೆ: ನಮ್ಮಲ್ಲಿ ಹಾರ್ನ್ ಇರುವ ಹಳೆಯ ಗ್ರಾಮೋಫೋನ್ ಇದೆ. ಸೌಂಡ್‌ಬಾಕ್ಸ್ ಹಿತ್ತಾಳೆಯದು, ಅಭ್ರಕದ ಡಯಾಫ್ರಮ್ ಒಡೆದಿಲ್ಲ, ಆದರೆ ದನಿ ಕ್ಷೀಣವಾಗಿದೆ. ಅದನ್ನು ಬಿಚ್ಚಿ ಅಲ್ಯೂಮಿನಿಯಂ ಡಯಾಫ್ರಮ್ ಹಾಕಲೋ, ಹೊಸದನ್ನೇ ಕಟ್ಟಿಕೊಳ್ಳಲೋ? ಗೋವೆಯ ಮಳೆಗಾಲದಲ್ಲಿ ಇದನ್ನು ಹೇಗೆ ಕಾಪಾಡಬೇಕು?
(ಮಡಗಾಂವ್)

ಉತ್ತರ: ಎರಡೂ ಬೇಡ. ರಬ್ಬರು ಬದಲಿಸಿರಿ, ಅಷ್ಟೇ ಸಾಕು. ಹತ್ತಾರು ವರ್ಷಗಳಲ್ಲಿ ಅದು ಒಣಗಿ ಬಳಪದಂತಾಗಿರುತ್ತದೆ, ಉಗುರಿನಿಂದ ಒತ್ತಿದರೆ ಗುರುತೂ ಬೀಳುವುದಿಲ್ಲ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಚಿತ್ರ ತೆಗೆದಿಟ್ಟುಕೊಳ್ಳಿರಿ. ಕೀಲಿನ ಸ್ಪ್ರಿಂಗ್ ಹಿಡಿದ ಸ್ಕ್ರೂಗಳನ್ನು ಎಷ್ಟು ಸುತ್ತು ಸಡಿಲಿಸಿದಿರೆಂದು ಬರೆದಿಡಿರಿ, ಏಕೆಂದರೆ ಸೂಜಿ ತನ್ನ ನಡುನೆಲೆಗೆ ಮರಳುವುದು ಆ ಎರಡು ಸ್ಪ್ರಿಂಗುಗಳ ಸಮತೋಲದಿಂದಲೇ. ಹಳೆಯ ರಬ್ಬರು ಅಂಚಿಗೆ ಕಚ್ಚಿಕೊಂಡಿದ್ದರೆ ಬಿದಿರ ಕಡ್ಡಿಯಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ. ರಬ್ಬರಿಗೆ ಯಾವ ಎಣ್ಣೆಯನ್ನೂ ಮುಟ್ಟಿಸಬೇಡಿರಿ.

ಅಲ್ಯೂಮಿನಿಯಂ ಬೇಡವೆನ್ನಲು ಕಾರಣವೆಂದರೆ, ನಿಮ್ಮ ಯಂತ್ರದ ಹಾರ್ನು ಮತ್ತು ಅಭ್ರಕ ಒಂದಕ್ಕೊಂದು ಒಗ್ಗಿದ ಜೋಡಿ. 1925ರಲ್ಲಿ ಮೈಕ್ರೋಫೋನಿನಿಂದ ಮುದ್ರಿಸುವ ವಿದ್ಯುತ್ ವಿಧಾನ ಬಂದ ಮೇಲೆ ರೆಕಾರ್ಡಿನಲ್ಲಿ ಮಂದ್ರವೂ ತಾರವೂ ಹಿಂದಿಗಿಂತ ಹೆಚ್ಚು ಅಡಕವಾದವು. ಆಗ ಅಮೆರಿಕದ ಮ್ಯಾಕ್ಸ್‌ಫೀಲ್ಡ್ ಮತ್ತು ಹ್ಯಾರಿಸನ್ ಎಂಬ ಎಂಜಿನಿಯರುಗಳು ಟೆಲಿಫೋನ್ ತಂತಿಗಳಿಗಾಗಿ ಬೆಳೆದ ಲೆಕ್ಕಾಚಾರವನ್ನೇ ಸೂಜಿ, ಸನ್ನೆ, ಡಯಾಫ್ರಮ್, ಹಾರ್ನುಗಳ ಇಡೀ ಸರಣಿಗೆ ಅನ್ವಯಿಸಿ ಹೊಸ ಯಂತ್ರವನ್ನು ರೂಪಿಸಿದರು. ಲೋಹದ ಡಯಾಫ್ರಮ್ ಆ ಸರಣಿಯ ಒಂದು ಕೊಂಡಿ. ಅದೊಂದನ್ನೇ ತಂದು ಹಳೆಯ ಹಾರ್ನಿಗೆ ಸೇರಿಸಿದರೆ ಸಾಮಾನ್ಯವಾಗಿ ದನಿ ಕರ್ಕಶವಾಗುತ್ತದೆಯೇ ಹೊರತು ತುಂಬಿ ಬರುವುದಿಲ್ಲ.

ಮಳೆಗಾಲದಲ್ಲಿ ಸೌಂಡ್‌ಬಾಕ್ಸನ್ನು ಟೋನ್ ಆರ್ಮಿನಿಂದ ಬಿಡಿಸಿ, ಸೂಜಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಯಾದ ಡಬ್ಬಿಯಲ್ಲಿ ಇಡಿರಿ. ಸೂಜಿಗಳಿಗೂ ಅದೇ ಕ್ರಮ; ತುಕ್ಕು ಹಿಡಿದ ಸೂಜಿ ಅರದಂತೆ. ಮೋಟಾರಿನ ಸ್ಪ್ರಿಂಗನ್ನು ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟು ಆಮೇಲೆ ಮುಚ್ಚಿಡಿರಿ.

ಪ್ರಶ್ನೆ: ನಾನು ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಕರೆಂಟಿಲ್ಲದೆ ರೆಕಾರ್ಡು ಹಾಡುತ್ತದೆ ಎಂದರೆ ಅವರು ನಂಬುವುದಿಲ್ಲ. ಸೌಂಡ್‌ಬಾಕ್ಸ್ ಕೆಲಸ ಮಾಡುವ ಬಗೆಯನ್ನು ತರಗತಿಯಲ್ಲಿ ಸುಲಭವಾಗಿ ತೋರಿಸುವ ಉಪಾಯವಿದೆಯೇ? ಮನೆಯಲ್ಲಿರುವ ಎಲ್‌ಪಿ ರೆಕಾರ್ಡು ಬಳಸಬಹುದೇ?
(ಮಾಟುಂಗಾ, ಮುಂಬೈ)

ಉತ್ತರ: ಎಲ್‌ಪಿಯನ್ನು ದಯವಿಟ್ಟು ಬಳಸಬೇಡಿರಿ. ಅದು ಮೆತ್ತನೆಯ ವಿನೈಲಿನದು, ಅದರ ಗೆರೆ ಬಹಳ ಸಣ್ಣದು; ಉಕ್ಕಿನ ಸೂಜಿ ಒಂದೇ ಸಲಕ್ಕೆ ಅದನ್ನು ಉತ್ತುಹಾಕುತ್ತದೆ. ಮಟನ್ ಸ್ಟ್ರೀಟಿನ ಚೋರ್ ಬಜಾರಿನಲ್ಲಿ ಗೀರು ಬಿದ್ದ, ಅಂಚು ಮುರಿದ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡುಗಳು ಸಿಗುತ್ತವೆ, ಅಂಥ ಒಂದನ್ನು ಕೊಳ್ಳಿರಿ.

ಒಂದು ದಪ್ಪ ಡ್ರಾಯಿಂಗ್ ಹಾಳೆಯನ್ನು, ಕಡಲೆಕಾಯಿ ಕಟ್ಟಿ ಕೊಡುವ ಪೊಟ್ಟಣದಂತೆ ಶಂಕುವಾಗಿ ಸುತ್ತಿ ಟೇಪು ಹಚ್ಚಿರಿ. ಚೂಪು ತುದಿಗೆ ಒಂದು ಅಂಗುಲ ಮೇಲೆ ಹೊಲಿಗೆ ಸೂಜಿಯನ್ನು ಎರಡು ಪದರಗಳನ್ನೂ ದಾಟುವಂತೆ ಓರೆಯಾಗಿ ಚುಚ್ಚಿ, ಅಲ್ಲಾಡದಂತೆ ಒಂದು ಹನಿ ಮೇಣ ಬಿಡಿರಿ. ಗ್ರಾಮೋಫೋನಿನ ಟೋನ್ ಆರ್ಮನ್ನು ಪಕ್ಕಕ್ಕೆ ಸರಿಸಿ, ತಟ್ಟೆ ತಿರುಗತೊಡಗಿದ ಮೇಲೆ ಶಂಕುವಿನ ಅಗಲ ಬಾಯನ್ನು ಎರಡು ಬೆರಳುಗಳಿಂದ ಹಗುರವಾಗಿ ಹಿಡಿದು ಸೂಜಿಯನ್ನು ಗೆರೆಗೆ ಇಳಿಸಿದರೆ ಹಾಡು ಇಡೀ ಕೋಣೆಗೆ ಕೇಳಿಸುತ್ತದೆ. ಇಲ್ಲಿ ಕಾಗದವೇ ಡಯಾಫ್ರಮ್, ಕಾಗದವೇ ಹಾರ್ನ್. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಶಂಕುವಿನ ಮೈಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಲಿ. ಹಾಡು ಬೆರಳಿಗೆ ಜುಮ್ಮೆನ್ನುತ್ತ ತಿಳಿಯುತ್ತದೆ, ಗಟ್ಟಿಯಾಗಿ ಹಿಡಿದರೆ ದನಿ ಉಡುಗುತ್ತದೆ. ರಬ್ಬರು ಗಟ್ಟಿಯಾದ ಸೌಂಡ್‌ಬಾಕ್ಸಿಗೆ ಆಗುವುದೂ ಇದೇ ಎಂದು ಅವರಿಗೆ ಆಗ ಹೇಳಬಹುದು. ಸೂಜಿಯ ಮೊನೆ ಯಾರಿಗೂ ತಾಗದಂತೆ, ತರಗತಿಗೆ ಒಯ್ಯುವಾಗ ಅದಕ್ಕೊಂದು ಬೆಂಡಿನ ಚೂರು ಚುಚ್ಚಿಟ್ಟಿರಿ.